ಅನ್ನಪಾನನಿರೋಧವೆಂಬ ಅತಿಚಾರ: ತಂದೆಯಾಗಲಿರುವ ಶ್ರಾವಕನಿಗೆ

ಶ್ರಾವಕನ ಮನೆಯಲ್ಲಿ ಮೊದಲ ಸಲ ಗರ್ಭ ನಿಂತಿತೆಂಬ ಸುದ್ದಿ ತಿಳಿದಾಗ ಆ ಮನೆಯ ತರುಣನು ಬಸದಿಯ ಹಿರಿಯರಲ್ಲಿಗೆ ಬಂದು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಯಾವ ನೋಂಪಿಯನ್ನು ಹಿಡಿಯಬೇಕು? ಅಷ್ಟಮಿ ಚತುರ್ದಶಿಗಳಲ್ಲಿ ಉಪವಾಸವೋ ಏಕಾಶನವೋ? ಯಾವ ತೀರ್ಥಂಕರರ ಆರಾಧನೆಯನ್ನು ಮಾಡಿಸಬೇಕು? ಇವು ಅನುಚಿತವಾದ ಪ್ರಶ್ನೆಗಳೆಂದು ಯಾರೂ ಹೇಳಲಾರರು. ಆದರೆ ಸಂಜೆ ಎಷ್ಟು ಹೊತ್ತಿಗೆ ಮನೆ ಸೇರಬೇಕೆಂದು ಕೇಳಿದ ತರುಣನು ವಿರಳ. ಧರ್ಮದೃಷ್ಟಿಯಿಂದ ನೋಡಿದರೆ ಅವನು ಎಲ್ಲಕ್ಕಿಂತ ಮೊದಲು ಕೇಳಬೇಕಾದುದು ಇದನ್ನೇ.

ಕಾರಣವು ಸ್ಪಷ್ಟವಾಗಿಯೇ ಇದೆ. ನಮ್ಮ ಮನೆಗಳಲ್ಲಿ ರಾತ್ರಿಭೋಜನ ತ್ಯಾಗವು ಹುಟ್ಟಿನಿಂದ ಬಂದ ನಿಯಮ. ಕಾರ್ತಿಕದ ದಿನಗಳಲ್ಲಿ ಮೈಸೂರು ಸೀಮೆಯಲ್ಲಿ ಸೂರ್ಯನು ಸುಮಾರು 5 ಗಂಟೆ 50 ನಿಮಿಷಕ್ಕೆ ಮುಳುಗುತ್ತಾನೆ. ಕಟ್ಟುನಿಟ್ಟಾಗಿ ನಡೆಯುವವರು ಅದಕ್ಕೂ ಎರಡು ಘಳಿಗೆ ಮೊದಲೇ, ಎಂದರೆ 48 ನಿಮಿಷ ಮೊದಲೇ, ಊಟ ಮುಗಿಸುವರು. ಮನೆಯ ಸೊಸೆಯು ಗಂಡನು ಬರಲೆಂದು ಕಾಯುತ್ತಾಳೆ; ಕಾಯಬೇಕೆಂದು ಯಾರೂ ಹೇಳಿಲ್ಲ, ಕಾಯಬೇಡವೆಂದೂ ಯಾರೂ ಹೇಳಿಲ್ಲ. ಗಂಡನು ಅಂಗಡಿಯ ಕಟ್ಟೆಯ ಮೇಲೆ ಚುನಾವಣೆಯ ಮಾತಿನಲ್ಲಿ ಮುಳುಗಿ ಆರೂಕಾಲಕ್ಕೆ ಬರುತ್ತಾನೆ. ದೀಪ ಹತ್ತಿದೆ. ಅವನೇನೋ ಪೇಟೆಯಲ್ಲಿ ಹಗಲಿರುವಾಗಲೇ ಏನಾದರೂ ತಿಂದಿರುತ್ತಾನೆ. ಅವಳು ನೀರು ಕುಡಿದು ಮಲಗುತ್ತಾಳೆ. ನೀರನ್ನೂ ಬಿಟ್ಟವಳಾದರೆ ಅದೂ ಇಲ್ಲ. ಮರುದಿನ ಸೂರ್ಯೋದಯದ ವರೆಗೆ, ಮಧ್ಯಾಹ್ನದ ಊಟದಿಂದ ಲೆಕ್ಕ ಹಾಕಿದರೆ ಹದಿನೆಂಟು ತಾಸುಗಳಷ್ಟು ಕಾಲ, ಎರಡು ಜೀವಗಳು ಹಸಿದಿರುತ್ತವೆ. ಅತ್ತೆಯು ಇದನ್ನು ಸೊಸೆಯ ವ್ರತನಿಷ್ಠೆಯೆಂದು ನೆರೆಯವರೊಡನೆ ಹೊಗಳಿಕೊಳ್ಳುವಳು.

ಆಗಮವು ಇದನ್ನು ಬೇರೆ ಹೆಸರಿನಿಂದ ಕರೆಯುತ್ತದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಇವುಗಳಿಗೆ ವ್ಯಾಖ್ಯಾನ ಬರೆದ ಪೂಜ್ಯಪಾದರು ನಮ್ಮ ನಾಡಿನವರೇ. ಚಾಮರಾಜನಗರದ ಬಳಿಯ ಮಲೆಯೂರಿನ ಕನಕಗಿರಿಯು ಅವರ ತಪೋಭೂಮಿಯೆಂದು ಪರಂಪರೆಯು ಹೇಳುತ್ತದೆ. ಅವರ ಸರ್ವಾರ್ಥಸಿದ್ಧಿಯ ಪ್ರಕಾರ ಬಂಧವೆಂದರೆ ಹಗ್ಗ ಹಾಕಿ ಕಟ್ಟುವುದಷ್ಟೇ ಅಲ್ಲ, ಜೀವಿಯು ತಾನು ಬಯಸಿದ ಎಡೆಗೆ ಹೋಗದಂತೆ ತಡೆಯುವುದು. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಕೋಲು ಚಾಟಿಗಳಿಂದ ಹೊಡೆಯುವುದು. ಅತಿಭಾರಾರೋಪಣವೆಂದರೆ ನ್ಯಾಯವಾದ ಹೊರೆಗಿಂತ ಹೆಚ್ಚಿನದನ್ನು ಹೊರಿಸುವುದು. ಅನ್ನಪಾನನಿರೋಧವೆಂದರೆ ಗೋವು ಮೊದಲಾದ ಪ್ರಾಣಿಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯನ್ನುಂಟುಮಾಡುವುದು.

ಗೋವುಗಳ ಹೆಸರನ್ನು ಕೇಳಿದ ಗೃಹಸ್ಥನು, ತನ್ನ ಕೊಟ್ಟಿಗೆಯಲ್ಲಿ ಎತ್ತುಗಳೇ ಇಲ್ಲ, ಟ್ರಾಕ್ಟರು ಇದೆ, ಆದುದರಿಂದ ಈ ಅತಿಚಾರಗಳ ಗೊಡವೆ ತನಗಿಲ್ಲವೆಂದು ನೆಮ್ಮದಿಯಿಂದಿರುತ್ತಾನೆ. ಎತ್ತಿಗೆ ಸಲ್ಲುವ ದಯೆಯು ಹೆಂಡತಿಗೆ ಸಲ್ಲದೆಂದು ಯಾವ ಆಚಾರ್ಯರೂ ಬರೆದಿಲ್ಲ. ಗರ್ಭವತಿಯು ತವರಿಗೆ ಹೋಗಿ ನಾಲ್ಕು ದಿನ ತಾಯಿಯ ಮಗ್ಗುಲಲ್ಲಿ ಮಲಗಬೇಕೆಂದು ಬಯಸಿದಾಗ ಹೊಲದ ಕೆಲಸವನ್ನು ಮುಂದೊಡ್ಡಿ ತಡೆದರೆ ಅದು ಬಂಧ. ಏಳು ತಿಂಗಳು ತುಂಬಿದವಳು ಬಾವಿಯಿಂದ ಎರಡು ಕೊಡ ನೀರನ್ನು ಒಟ್ಟಿಗೆ ಹೊತ್ತು ಬರುವುದನ್ನು ಗಂಡನು ಜಗಲಿಯಲ್ಲಿ ಕುಳಿತು ಕಂಡರೆ ಅದು ಅತಿಭಾರಾರೋಪಣ. ಹೊರಿಸಿದವನು ತಾನಲ್ಲ, ಅವಳೇ ಹೊತ್ತಳೆಂಬ ಮಾತು ನಿಲ್ಲದು. ಕೃತ, ಕಾರಿತ, ಅನುಮೋದನೆಗಳೆಂಬ ಮೂರು ಬಾಗಿಲುಗಳಿಂದಲೂ ಆಸ್ರವ ಉಂಟು. ಕಂಡೂ ಸುಮ್ಮನಿದ್ದವನು ಮೂರನೆಯ ಬಾಗಿಲಲ್ಲಿ ನಿಂತಿದ್ದಾನೆ.

ಕೇಡು ಬಗೆದು ಯಾವನೂ ಹೆಂಡತಿಯನ್ನು ಹಸಿವಿನಲ್ಲಿ ಇಡುವುದಿಲ್ಲ, ನಿಜ. ಆದರೆ ಹಿಂಸೆಯ ಲಕ್ಷಣವನ್ನು ಹೇಳುವಾಗ ಸೂತ್ರಕಾರರು ಮೊದಲಿಗೆ ಹಿಡಿದದ್ದು ಪ್ರಮಾದವನ್ನು. ಪ್ರಮಾದದ ಭೇದಗಳಲ್ಲಿ ನಾಲ್ಕು ಕಷಾಯಗಳೊಡನೆ ನಾಲ್ಕು ವಿಕಥೆಗಳೂ ಸೇರಿವೆ. ರಾಜಕಥೆಯು ಅವುಗಳಲ್ಲಿ ಒಂದು. ಅಂಗಡಿಯ ಕಟ್ಟೆಯ ಮೇಲಿನ ಚುನಾವಣೆಯ ಮಾತು ಅದೇ ರಾಜಕಥೆ. ಈಗ ಕಟ್ಟೆಯೂ ಬೇಕಾಗಿಲ್ಲ, ಕೈಯೊಳಗಿನ ಮೊಬೈಲಿನಲ್ಲಿ ನಾಲ್ಕೂ ವಿಕಥೆಗಳು ಒಟ್ಟಿಗೆ ನಡೆಯುತ್ತವೆ.

ಅನ್ನದ ಸಂಗತಿಯಲ್ಲಿ ಮನುಷ್ಯನ ಕಷಾಯವು ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಕನಕಗಿರಿಯಿರುವ ಈ ಚಾಮರಾಜನಗರ ಜಿಲ್ಲೆಯಲ್ಲಿಯೇ ಇತ್ತೀಚಿನ ದೃಷ್ಟಾಂತವಿದೆ. ಜಿಲ್ಲೆಯ ಪೂರ್ವದಂಚಿನಲ್ಲಿ, ಮೊದಲು ಕೊಳ್ಳೇಗಾಲಕ್ಕೆ ಸೇರಿದ್ದು ಈಗ ಬೇರೆಯಾಗಿರುವ ಹನೂರು ತಾಲೂಕಿನಲ್ಲಿ, ಹೂಗ್ಯಂ ಎಂಬ ಊರಿದೆ. ಸುತ್ತಲೂ ಮಲೆ ಮಹದೇಶ್ವರ ವನ್ಯಧಾಮದ ಕಾಡು. ಆ ವನ್ಯಧಾಮದ ಒಂದು ವಲಯಕ್ಕೆ ಹೂಗ್ಯಂ ವಲಯವೆಂದೇ ಹೆಸರು. 2025ರ ಜೂನ್ 26ರಂದು ಈ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುದು ಕಂಡುಬಂದಿತು. ಹುಲಿಯು ಒಂದು ಹಸುವನ್ನು ಕೊಂದಿತ್ತು. ಆ ಹಸುವಿನ ಕಳೇಬರಕ್ಕೆ ವಿಷವಿಕ್ಕಲಾಗಿತ್ತೆಂದು ತನಿಖೆಯಲ್ಲಿ ತಿಳಿಯಿತು. ಕೆಲವರ ಬಂಧನವೂ ಆಯಿತು.

ಹಸುವನ್ನು ಕಳೆದುಕೊಂಡವನ ನೋವು ಸುಳ್ಳಲ್ಲ. ಮಲೆಯಂಚಿನ ಬಡವನಿಗೆ ಒಂದು ಹಸುವೆಂದರೆ ಮನೆಯ ಹಾಲು, ಹೊಲದ ಗೊಬ್ಬರ, ಕಷ್ಟಕಾಲದ ಇಡುಗಂಟು. ಹುಲಿಯು ಹಸುವಿನ ಮೇಲೆ ಎರಗಿದ ಗಳಿಗೆಯಲ್ಲಿ ಅವನು ಕೋಲು ಹಿಡಿದು ಎದುರಿಸಿದ್ದರೆ ಶ್ರಾವಕಾಚಾರವು ಅದನ್ನು ವಿರೋಧೀ ಹಿಂಸೆಯೆಂದು ಬೇರೆಯಾಗಿ ತೂಗುತ್ತಿತ್ತು. ಗೃಹಸ್ಥನು ಅದನ್ನು ಪೂರ್ಣವಾಗಿ ಬಿಡಲಾರನೆಂದು ಆಚಾರ್ಯರು ಬಲ್ಲರು. ಆದರೆ ಎದುರಿಗೆ ಇಲ್ಲದ ಪ್ರಾಣಿಗಾಗಿ, ಅದು ಹಸಿದು ಮರಳಿ ಬರುವುದೆಂದು ಎಣಿಸಿ, ಅದರ ಆಹಾರದಲ್ಲಿ ವಿಷವಿಡುವುದು ಸಂಕಲ್ಪೀ ಹಿಂಸೆ. ಅಣುವ್ರತಿಯು ಮೊಟ್ಟಮೊದಲು ಬಿಡಬೇಕಾದುದು. ತಾಯಿಯು ತನ್ನ ಬೇಟೆಯ ಬಳಿಗೆ ಮರಿಗಳನ್ನು ಕರೆತರುವುದು ಸಹಜವಾದ ವಾತ್ಸಲ್ಯ. ಆ ವಾತ್ಸಲ್ಯದ ದಾರಿಯಲ್ಲಿಯೇ ವಿಷವು ನಾಲ್ಕು ಮರಿಗಳ ಹೊಟ್ಟೆಯನ್ನು ಸೇರಿತು. ತಾಯಿಯ ಅನ್ನಕ್ಕೆ ಹಾಕಿದ್ದು ತಾಯಿಯಲ್ಲಿಯೇ ನಿಲ್ಲುವುದಿಲ್ಲ. ಗರ್ಭವತಿಯ ಗಂಡನು ಹೂಗ್ಯಂನ ಈ ಸುದ್ದಿಯನ್ನು ಕಾಡಿನ ಸುದ್ದಿಯೆಂದು ಪತ್ರಿಕೆಯ ಪುಟವನ್ನು ಮಗುಚಿಬಿಡಬಾರದು. ಅವನ ಮನೆಯಲ್ಲಿ ವಿಷವಿಲ್ಲದಿರಬಹುದು. ಊಟದ ಹೊತ್ತಿನಲ್ಲಿ ಆಡುವ ಕಟುಮಾತು ಇದ್ದೀತು, ತಟ್ಟೆಯ ಮುಂದೆ ಕುಳಿತವಳು ಅರ್ಧಕ್ಕೇ ಕೈ ತೊಳೆದು ಏಳುವಂಥ ಮಾತು. ಅದೂ ತಾಯಿಯಲ್ಲಿಯೇ ನಿಲ್ಲುವುದಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವವರುಂಟು. ಹಸಿವನ್ನು ಸಹಿಸಿದವಳಿಗೆ ನಿರ್ಜರೆಯಾಗುವುದಿಲ್ಲವೆ? ಇಷ್ಟವಿಲ್ಲದೆ ಸಹಿಸಿದರೂ ಅಕಾಮನಿರ್ಜರೆಯೆಂಬುದು ಶಾಸ್ತ್ರದಲ್ಲಿದೆಯಲ್ಲ? ಇದೆ. ಸೆರೆಮನೆಯಲ್ಲಿ ಬಿದ್ದವನು ಸಮಾಧಾನದಿಂದ ಹಸಿವನ್ನು ಸಹಿಸಿದರೂ ಅಕಾಮನಿರ್ಜರೆಯೇ. ಹಾಗೆಂದು ಸೆರೆಯಲ್ಲಿಟ್ಟವನು ಪುಣ್ಯವಂತನಾಗಲಿಲ್ಲ. ಸಹಿಸಿದವಳ ಲಾಭವನ್ನು ಹೇಳಿ ಹಸಿವಿಗೆ ಗುರಿಮಾಡಿದವನ ದೋಷವನ್ನು ಮುಚ್ಚಲಾಗದು. ಅಲ್ಲದೆ ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳಿದಾಗ ಶಕ್ತಿತಃ ಎಂಬ ವಿಶೇಷಣವನ್ನು ಕೂಡಿಸಿಯೇ ಹೇಳಿದೆ. ಶಕ್ತಿಯನ್ನು ಬಚ್ಚಿಡಬಾರದು, ಮೀರಲೂಬಾರದು. 2019ರಿಂದ 2021ರ ವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಗರ್ಭಿಣಿಯರಲ್ಲಿ ಶೇಕಡ 52ರಷ್ಟು ಮಂದಿ ರಕ್ತಹೀನತೆಯುಳ್ಳವರು. ಇಂಥ ಮೈಯಲ್ಲಿ ಮತ್ತೊಂದು ಮೈ ಬೆಳೆಯುತ್ತಿರುವಾಗ ಅದರ ಶಕ್ತಿಯೆಷ್ಟೆಂಬುದನ್ನು ಅಳೆಯಬೇಕಾದವರು ವೈದ್ಯರು. ನೋಂಪಿಯ ಪುಸ್ತಕವನ್ನು ಕೈಯಲ್ಲಿ ಹಿಡಿದ ಅತ್ತೆಯಲ್ಲ, ಮಾವನೂ ಅಲ್ಲ.

ಹಿಡಿದ ನೋಂಪಿಯು ನಡುವಿನಲ್ಲಿ ನಿಂತರೆ ಭಂಗವಾಗುವುದಲ್ಲ ಎಂಬ ಭಯವು ಹೆಂಗಸರಲ್ಲಿ ನಿಜವಾಗಿಯೂ ಇದೆ; ಅದನ್ನು ನಗೆಗೀಡುಮಾಡಬಾರದು. ಐದು ವರ್ಷದ ನೋಂಪಿಯಲ್ಲಿ ಮೂರು ವರ್ಷ ಮುಗಿಸಿದವಳು ನಾಲ್ಕನೆಯ ವರ್ಷ ಗರ್ಭವತಿಯಾದರೆ ಅವಳ ಕಳವಳವು ಸಣ್ಣದಲ್ಲ. ಗಂಡನು ಅವಳನ್ನು ಕರೆದುಕೊಂಡು ಮುನಿಗಳ ಅಥವಾ ಆರ್ಯಿಕೆಯರ ಬಳಿಗೆ ಹೋಗಿ, ಇದ್ದ ಸಂಗತಿಯನ್ನು ಅರಿಕೆ ಮಾಡಿ, ಆ ವರ್ಷದ ಉಪವಾಸವನ್ನು ಮುಂದಕ್ಕೆ ಹಾಕಿಕೊಳ್ಳಲು ಅಥವಾ ಜಪ ಸ್ವಾಧ್ಯಾಯಗಳಿಂದ ಆ ದಿನಗಳನ್ನು ನಡೆಸಲು ಅಪ್ಪಣೆ ಪಡೆಯುವುದು ಲೇಸು. ಗುರುಗಳ ಬಾಯಿಂದ ಬಂದ ಒಂದು ಮಾತು ಅವಳ ಮನಸ್ಸಿನ ಭಾರವನ್ನು ಇಳಿಸುವಂತೆ ಗಂಡನ ನೂರು ತರ್ಕಗಳು ಇಳಿಸಲಾರವು. ಅವಳ ಬದಲಿಗೆ ತಾನು ಉಪವಾಸ ಮಾಡುವೆನೆಂದು ಹೊರಡುವ ಗಂಡಂದಿರೂ ಇದ್ದಾರೆ. ಒಬ್ಬರ ನಿರ್ಜರೆಯು ಮತ್ತೊಬ್ಬರ ಖಾತೆಗೆ ಸೇರುವುದು ಜಿನಶಾಸನದಲ್ಲಿಲ್ಲ. ಮೇಲಾಗಿ ಉಪವಾಸವಿದ್ದ ಗಂಡನು ಸಿಡುಕಿ, ಪಾರಣೆಯ ದಿನ ಬೆಳಗ್ಗೆ ಆರು ಬಗೆಯ ಪದಾರ್ಥಗಳನ್ನು ಅವಳ ಕೈಯಿಂದಲೇ ಮಾಡಿಸಿಕೊಳ್ಳುವನಾದರೆ ಉಪವಾಸದ ಹೊರೆ ಯಾರ ಮೇಲೆ ಬಿದ್ದಂತಾಯಿತು?

ಅವನಿಗೆ ಒಪ್ಪುವ ತಪಸ್ಸು ಬೇರೆ ಇದೆ. ಬಾಹ್ಯತಪಸ್ಸು ಆರು ಬಗೆಯೆಂದೂ ಅನಶನವು ಅವುಗಳಲ್ಲಿ ಒಂದು ಮಾತ್ರವೆಂದೂ ಈ ಪತ್ರಿಕೆಯ ಓದುಗರು ಬಲ್ಲರು. ತಂದೆಯಾಗಲಿರುವವನು ಅವಮೌದರ್ಯವನ್ನು ಹಿಡಿದರೆ, ಎಂದರೆ ಒಂದೆರಡು ತುತ್ತು ಕಡಿಮೆ ಉಂಡರೆ, ಮನೆಯಲ್ಲಿ ಯಾರಿಗೂ ತೊಂದರೆಯಿಲ್ಲ. ರಸಪರಿತ್ಯಾಗದಲ್ಲಿ ಹಾಲು ತುಪ್ಪಗಳನ್ನು ಬಿಟ್ಟರೆ ಅವಳ ತಟ್ಟೆಗೆ ಅಷ್ಟು ಹೆಚ್ಚು ಬಂದೀತು. ಇನ್ನು ಅಂತರಂಗ ತಪಸ್ಸಿನಲ್ಲಿ ವೈಯಾವೃತ್ಯವಿದೆ. ಅದನ್ನು ಸೂತ್ರದಲ್ಲಿ ಹೇಳಿದ್ದು ಆಚಾರ್ಯ, ಉಪಾಧ್ಯಾಯ, ತಪಸ್ವಿ ಮೊದಲಾದ ಪೂಜ್ಯರ ಸೇವೆಯ ಸಂಬಂಧದಲ್ಲಿ. ಹೆಂಡತಿಯ ಕಾಲೊತ್ತುವುದಕ್ಕೆ ಆ ಹೆಸರನ್ನು ನೇರವಾಗಿ ಇಡುವುದು ಸರಿಯಾಗದು. ಆದರೆ ಮನೆಯೊಳಗಿನ ಬಳಲಿದವಳ ಸೇವೆಗೆ ಬಗ್ಗದ ಬೆನ್ನು ಗುರುಸೇವೆಗೆ ಬಗ್ಗಿತೆಂದರೆ ಅದರಲ್ಲಿ ಭಕ್ತಿಯೆಷ್ಟು, ನೋಡುವವರ ಕಣ್ಣಿಗಾಗಿ ಮಾಡಿದ್ದೆಷ್ಟು ಎಂಬ ಸಂಶಯ ಉಳಿಯುತ್ತದೆ.

ಶ್ವೇತಾಂಬರ ಸಂಪ್ರದಾಯದ ಕಲ್ಪಸೂತ್ರದಲ್ಲಿ ಒಂದು ಪ್ರಸಂಗವಿದೆ. ದಿಗಂಬರ ಪುರಾಣಗಳಲ್ಲಿ ಇದು ಬಾರದಿದ್ದರೂ ಎಲ್ಲರೂ ಕೇಳತಕ್ಕದ್ದು. ತ್ರಿಶಲಾದೇವಿಯ ಗರ್ಭದಲ್ಲಿದ್ದ ವರ್ಧಮಾನ ಸ್ವಾಮಿಯು ತನ್ನ ಅಲುಗಾಟದಿಂದ ತಾಯಿಗೆ ನೋವಾಗಬಾರದೆಂದು ನಿಶ್ಚಲನಾದನಂತೆ. ತಾಯಿಯು ಗರ್ಭಕ್ಕೆ ಏನೋ ಆಯಿತೆಂದು ದುಃಖದಲ್ಲಿ ಮುಳುಗಿದಳು. ಸಿದ್ಧಾರ್ಥನ ಅರಮನೆಯಲ್ಲಿ ವಾದ್ಯಗಳು ನಿಂತುಹೋದವು. ಶಿಶುವು ಇದನ್ನು ಅರಿತು ಮೆಲ್ಲನೆ ಮಿಸುಕಿದಾಗ ತಾಯಿಗೆ ಜೀವ ಬಂದಂತಾಯಿತು. ತಂದೆತಾಯಿಗಳು ಇರುವವರೆಗೆ ದೀಕ್ಷೆ ವಹಿಸುವುದಿಲ್ಲವೆಂದು ಆಗಲೇ ನಿಶ್ಚಯಿಸಿದನೆಂದು ಕಥೆ. ಅದೇ ಗ್ರಂಥವು ತ್ರಿಶಲೆಯು ಅತಿ ಶೀತವೂ ಅತಿ ಉಷ್ಣವೂ ಅತಿ ಕಟುವೂ ಅಲ್ಲದ, ಗರ್ಭಕ್ಕೆ ಹಿತವಾದ ಆಹಾರವನ್ನು ಸೇವಿಸಿದಳೆಂದೂ ಹೇಳುತ್ತದೆ. ತೀರ್ಥಂಕರನ ತಾಯಿಯೇ ಹಿತಮಿತವಾಗಿ ಉಂಡಳು. ಮತ್ತೆ, ಮಗುವಿನ ಮಿಸುಕಾಟ ನಿಂತಿತೆಂದು ತಾಯಿಯು ಹೇಳಿದಾಗ ಅರಮನೆಯೇ ಅದನ್ನು ನಂಬಿತು. ಇಂದಿನ ಗಂಡನೂ ನಂಬಬೇಕು. ಬೆಳಗ್ಗೆ ನೋಡೋಣವೆನ್ನದೆ ಆ ಹೊತ್ತಿನಲ್ಲಿಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ರಕ್ತಸ್ರಾವ, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಬಾವು, ಜ್ವರ, ಇವುಗಳಿಗೂ ಇದೇ ಮಾತು.

ಹೂಗ್ಯಂನಂಥ ಊರುಗಳಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಮಲೆ ಮಹದೇಶ್ವರ ಬೆಟ್ಟದ ಒಳಗಿನ ಕೆಲವು ಹಳ್ಳಿಗಳಿಂದ ರೋಗಿಗಳನ್ನೂ ಗರ್ಭಿಣಿಯರನ್ನೂ ಡೋಲಿ ಕಟ್ಟಿ ಗಂಡಸರು ಹೆಗಲ ಮೇಲೆ ಹೊತ್ತು ತಂದ ಸುದ್ದಿಗಳು ಇತ್ತೀಚಿನ ವರ್ಷಗಳಲ್ಲಿಯೂ ಬಂದಿವೆ. ಆ ಹಾದಿಯಲ್ಲಿ ಆನೆಯ ಭಯವೂ ಉಂಟು. ರಸ್ತೆಯಿಲ್ಲದಿರುವುದು ನಾಚಿಕೆಗೇಡು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಡೋಲಿಯ ಕೊಂಬಿಗೆ ಹೆಗಲು ಕೊಟ್ಟವರಲ್ಲಿ ಅಣುವ್ರತದ ಹೆಸರನ್ನೇ ಕೇಳದವರು ಇದ್ದಾರು. ಅತಿಭಾರವನ್ನು ಗರ್ಭಿಣಿಯ ಮೇಲಿಂದ ತೆಗೆದು ತಮ್ಮ ಮೇಲೆ ಹಾಕಿಕೊಂಡ ಅವರು ಸೂತ್ರವನ್ನು ಓದಿದವರಿಗಿಂತ ಚೆನ್ನಾಗಿ ನಡೆಸಿದರು. ರಸ್ತೆಯಿರುವ ಊರಿನ ಶ್ರಾವಕನಿಗೆ 2008ರಿಂದ 108ರ ವಾಹನ ಸೌಕರ್ಯವಿದೆ. ಆದರೂ ಎಂಟನೆಯ ತಿಂಗಳಿನಲ್ಲಿಯೇ ಹೆರಿಗೆಯ ಆಸ್ಪತ್ರೆ ಯಾವುದೆಂದು ನಿಶ್ಚಯಿಸಿ, ರಾತ್ರಿ ಕರೆದರೆ ಬರುವ ವಾಹನವೊಂದನ್ನು ಗೊತ್ತುಮಾಡಿ, ರಕ್ತದ ಗುಂಪನ್ನು ತಾಯಿ ಕಾರ್ಡಿನಲ್ಲಿ ಬರೆಸಿಟ್ಟುಕೊಳ್ಳುವುದು ಗೃಹಸ್ಥನ ಕೆಲಸ. ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿ ತಿಂಗಳ 9ನೆಯ ತಾರೀಖು ಗರ್ಭಿಣಿಯರನ್ನು ವೈದ್ಯರು ಉಚಿತವಾಗಿ ಪರೀಕ್ಷಿಸುವ ಏರ್ಪಾಡು 2016ರಿಂದ ಇದೆ. ಆ ದಿನ ಅವಳೊಡನೆ ಅವನೂ ಹೋಗಬೇಕು. ಹೆಂಗಸರ ಸಾಲಿನಲ್ಲಿ ಗಂಡಸಿಗೇನು ಕೆಲಸವೆಂಬ ಸಂಕೋಚವು ಮಾನಕಷಾಯದ ಒಂದು ರೂಪ.

ಆಹಾರದ ವಿಷಯದಲ್ಲಿ ನಮ್ಮವರಿಗೆ ಕೆಲವು ಇಕ್ಕಟ್ಟುಗಳಿವೆ. ಕಂದಮೂಲಗಳು ಸಲ್ಲವು, ಚಾತುರ್ಮಾಸದಲ್ಲಿ ಸೊಪ್ಪನ್ನು ಬಿಡುವವರೂ ಬಹಳ. ಇದರಿಂದ ಗರ್ಭಿಣಿಗೆ ಪುಷ್ಟಿಯೇ ಸಿಗದೆಂದು ಹೇಳುವುದು ತಪ್ಪು. ರಾಗಿ, ಹೆಸರು, ಹುರುಳಿ, ಕಡಲೆ, ಎಳ್ಳು, ಬೆಲ್ಲ, ಹಾಲು, ಮೊಸರು, ಋತುವಿನ ಹಣ್ಣುಗಳು ನಿಯಮಕ್ಕೆ ಒಳಪಟ್ಟೇ ದೊರೆಯುತ್ತವೆ. ಆದರೆ ದೊರೆಯುವಂತೆ ತಂದುಹಾಕುವವನು ಬೇಕು. ಸಂಜೆಯ ಊಟವೇ ದಿನದ ಕಡೆಯ ಊಟವಾದುದರಿಂದ ಅದು ಮಧ್ಯಾಹ್ನದ ಉಳಿಕೆಯಾಗಿರಬಾರದು. ಕಬ್ಬಿಣಾಂಶದ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಕೊಡುತ್ತಾರೆ; ಅದನ್ನು ಹಾಲು, ಕಾಫಿ, ಚಹಾಗಳೊಡನೆ ನುಂಗಿದರೆ ಮೈಗೆ ಹತ್ತುವುದು ಕಡಿಮೆ. ಜೆಲಟಿನ್ ಕವಚದ ಔಷಧಿ ಪ್ರಾಣಿಜನ್ಯವೆಂದು ಅಳುಕುವವರು ಮಾತ್ರೆಯ ರೂಪದ್ದನ್ನೇ ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು. ಅಳುಕಿನಿಂದ ಔಷಧಿಯನ್ನೇ ಬಿಡಬಾರದು. ಸಕ್ಕರೆ ಕಾಯಿಲೆ ಮೊದಲಾದ ಕಾರಣಗಳಿಂದ ರಾತ್ರಿ ಏನಾದರೂ ಸೇವಿಸಲೇಬೇಕೆಂದು ವೈದ್ಯರು ಹೇಳಿದಾಗ ಅದನ್ನು ಬಚ್ಚಿಟ್ಟುಕೊಂಡು ಮಾಡುವ ಬದಲು ಗುರುಗಳಲ್ಲಿ ಹೇಳಿ ಮಾಡುವುದು ವ್ರತಕ್ಕೆ ಗೌರವ.

ಹೊರೆಯೆಂಬುದು ಕೊಡದ್ದು ಮಾತ್ರವಲ್ಲ. ಗಂಡುಮಗುವಾಗಲೆಂದು ದಿನವೂ ಕಿವಿಗೆ ಬೀಳುವ ಹಾರೈಕೆಯು ಗರ್ಭಿಣಿಯ ಮೇಲೆ ಹೇರುವ ಭಾರಗಳಲ್ಲಿ ಎಲ್ಲಕ್ಕಿಂತ ತೂಕವಾದುದು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಬೀಜಾಣುವಿನಿಂದ ನಿರ್ಣಯವಾಗುವುದೆಂದು ವಿಜ್ಞಾನವು ತಿಳಿಸಿದೆ. ದೂಷಿಸಲೇಬೇಕೆಂದಿದ್ದರೆ ಕನ್ನಡಿಯ ಮುಂದೆ ನಿಂತು ದೂಷಿಸಬೇಕು. ಗರ್ಭದಲ್ಲಿಯೇ ಲಿಂಗವನ್ನು ಕೇಳಿ ತಿಳಿಯುವುದು 1994ರ ಕಾಯಿದೆಯ ಪ್ರಕಾರ ಅಪರಾಧ. ಆದಿಪುರಾಣದಲ್ಲಿ ವೃಷಭದೇವನು ಮಕ್ಕಳಿಗೆ ವಿದ್ಯೆ ಕಲಿಸಲು ತೊಡಗಿದಾಗ ಮೊದಲು ಕರೆದು ಕುಳ್ಳಿರಿಸಿಕೊಂಡದ್ದು ಹೆಣ್ಣುಮಕ್ಕಳನ್ನು. ಬಲಗೈಯಿಂದ ಬ್ರಾಹ್ಮಿಗೆ ಅಕ್ಷರವನ್ನೂ ಎಡಗೈಯಿಂದ ಸುಂದರಿಗೆ ಅಂಕವನ್ನೂ ಬರೆದು ತೋರಿಸಿದನು. ಚಕ್ರವರ್ತಿಯಾಗಲಿದ್ದ ಭರತನ ಸರದಿ ಆಮೇಲೆ ಬಂದಿತು. ರಾಜ್ಯಭಾರದ ನಡುವೆ ಅವನಿಗೆ ಬಿಡುವಿತ್ತು. ಎರಡು ಎಕರೆಯ ಅಥವಾ ಒಂದು ಅಂಗಡಿಯ ಒಡೆಯನಿಗೆ ಬಿಡುವಿಲ್ಲವೆಂದರೆ ಕೇಳುವವರು ನಕ್ಕಾರು.

ಜಿನಸೇನಾಚಾರ್ಯರು ಅದೇ ಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53 ಎಂದು ಹೇಳಿದ್ದಾರೆ. ಮೂರನೆಯ ತಿಂಗಳಿನಲ್ಲಿ ಪ್ರೀತಿ, ಐದರಲ್ಲಿ ಸುಪ್ರೀತಿ, ಏಳರಲ್ಲಿ ಧೃತಿ, ಒಂಬತ್ತರಲ್ಲಿ ಮೋದ. ಕ್ರಿಯೆಗಳ ವಿಧಿಯನ್ನು ಪುರೋಹಿತರು ತಿಳಿಸುವರು. ಹೆಸರುಗಳನ್ನು ಮಾತ್ರ ತರುಣನು ಒಮ್ಮೆ ಮೆಲ್ಲನೆ ಹೇಳಿಕೊಂಡು ನೋಡಲಿ. ಪ್ರೀತಿ, ಧೈರ್ಯ, ಸಂತೋಷ ಇವೇ ಆ ತಿಂಗಳುಗಳಿಗೆ ಆಚಾರ್ಯರು ಆರಿಸಿದ ಹೆಸರುಗಳು. ಶೋಷಣೆ, ಕ್ಲೇಶಗಳ ಹೆಸರು ಒಂದೂ ಇಲ್ಲ.

ಹೆರಿಗೆಯಾದ ಬಳಿಕ ಪ್ರಿಯೋದ್ಭವ. ಮಗುವನ್ನು ತಂದೆಯು ಮುಟ್ಟಿ ಹರಸಬೇಕೆಂಬುದು ಅದರ ವಿಧಿ. ಸೂತಕದ ದಿನಗಳಲ್ಲಿ ಅವನು ಪೂಜೆಗೆ ನಿಲ್ಲುವಂತಿಲ್ಲ, ಅಷ್ಟೇ. ಸೂತಕವೆಂಬ ನೆಪದಿಂದ ಹತ್ತು ದಿನ ಬಾಣಂತಿಯ ಕೋಣೆಯತ್ತ ಸುಳಿಯದೆ ನೆಂಟರ ಮನೆಯಲ್ಲಿ ಉಂಡು ಮಲಗುವವರು ಶಾಸ್ತ್ರವನ್ನು ಪಾಲಿಸಿದವರಲ್ಲ, ರಜೆಯನ್ನು ಪಡೆದವರು. ಮಗು ಹುಟ್ಟಿದ ಒಂದು ತಾಸಿನೊಳಗೆ ತಾಯಿಯ ಹಾಲು, ಅನಂತರ ಆರು ತಿಂಗಳು ಅದೊಂದೇ. ಹಿರಿಯರು ಜೇನು ನೆಕ್ಕಿಸಲು ಬಂದರೆ ನಯವಾಗಿ ತಡೆಯುವುದು ತಂದೆಗೆ ಸೇರಿದ್ದು. ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟ ಮನೆಯಲ್ಲಿ ಜೇನು ಎಲ್ಲಿಂದ ಬಂದಿತೆಂಬುದು ಬೇರೆ ಪ್ರಶ್ನೆ. ವರ್ಷ ತುಂಬದ ಕೂಸಿಗೆ ಅದು ಅಪಾಯಕರವೆಂದು ವೈದ್ಯರೂ ಹೇಳುತ್ತಾರೆ. ಬಾಣಂತಿಗೆ ಹಾಲೂಡಿಸುವ ಕಾಲದಲ್ಲಿ ಹಸಿವು ಗರ್ಭಕಾಲಕ್ಕಿಂತ ಹೆಚ್ಚು. ಅನ್ನಪಾನನಿರೋಧದ ಲೆಕ್ಕವು ಹೆರಿಗೆಯೊಡನೆ ಮುಗಿಯುವುದಿಲ್ಲ.

ಇನ್ನೊಂದು ಕೆಲಸವನ್ನು ಹೆರಿಗೆಗೆ ಮೊದಲೇ ಮಾಡಿ ಮುಗಿಸಬೇಕು. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರರು ಅನರ್ಥದಂಡಗಳಲ್ಲಿ ಹಿಂಸಾದಾನವನ್ನು ಸೇರಿಸಿದ್ದಾರೆ. ಆಯುಧ, ಬೆಂಕಿ, ವಿಷ ಮೊದಲಾದ ಕೊಲ್ಲುವ ಸಾಧನಗಳನ್ನು ಪರರ ಕೈಗೆ ಕೊಡುವುದು ಅದು. ಬೇಸಾಯದ ಮನೆಗಳಲ್ಲಿ ಕೀಟನಾಶಕದ ಡಬ್ಬಿಗಳು ಅಡಿಗೆಮನೆಯ ಅಟ್ಟದಲ್ಲಿಯೋ ಮಂಚದ ಕೆಳಗೋ ಇರುತ್ತವೆ. ಖಾಲಿಯಾದುದನ್ನು ತೊಳೆದು ಎಣ್ಣೆ ತುಂಬಿಡುವವರೂ ಇದ್ದಾರೆ. 2018ರ ಡಿಸೆಂಬರ್ 14ರಂದು ಹೂಗ್ಯಂ ಇರುವ ಹನೂರು ತಾಲೂಕಿನ ಸುಳ್ವಾಡಿಯಲ್ಲಿ ದೇವಾಲಯದ ಪ್ರಸಾದಕ್ಕೆ ವಿಷ ಬೆರೆತು 17 ಮಂದಿ ಪ್ರಾಣ ಬಿಟ್ಟರು. ಆ ಸೀಮೆಯ ಜನಕ್ಕೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಂಟು ಒಂಬತ್ತು ತಿಂಗಳಿಗೆ ಮಗು ಅಂಬೆಗಾಲಿಡುತ್ತದೆ, ಕೈಗೆ ಸಿಕ್ಕುದನ್ನು ಬಾಯಿಗೆ ಹಾಕುತ್ತದೆ. ಆ ಡಬ್ಬಿಗಳನ್ನು ಮನೆಯಿಂದ ಹೊರಗೆ, ಬೀಗ ಹಾಕಿದ ಕಡೆಗೆ, ಸಾಗಿಸುವುದಕ್ಕೆ ಒಂದು ಮಧ್ಯಾಹ್ನ ಸಾಕು. ಅದನ್ನು ಮುಗಿಸಿ ಕೈಕಾಲು ತೊಳೆದು, ಸೂರ್ಯ ಮುಳುಗುವ ಮೊದಲೇ ಅವನು ಊಟಕ್ಕೆ ಕುಳಿತಿರಬೇಕು, ಅವಳ ತಟ್ಟೆಯನ್ನು ಮೊದಲು ಬಡಿಸಿ.